ಸೂರಿಲ್ಲದವರೂ ನಮ್ಮ ಪುರಜನರೂ

ನಮ್ಮ ಪತ್ರಿಕೆಯ ಒಳಪುಟದ ಕೆಳಮೂಲೆಯಲ್ಲಿ ಆಗಾಗ್ಗೆ ಪೊಲೀಸ್ ಠಾಣೆಗಳ ಪ್ರಕಟಣೆಗಳು ಅಚ್ಚಾಗುವುದನ್ನು ವಾಚಕರು ಕಂಡಿರಬಹುದು. ಬಸ್ ನಿಲ್ದಾಣದ ಹಿಂಬದಿಯಲ್ಲಿ ಅಪರಿಚಿತ ಗಂಡಸಿನ ಶವ ದೊರೆತಿದೆ. ವಯಸ್ಸು ಸುಮಾರು 50. ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ. ನೀಲಿ ಅಂಗಿ, ಬಿಳಿ ಪಂಚೆ. ವಾರಸುದಾರರಿದ್ದಲ್ಲಿ ಠಾಣೆಗೆ ತಿಳಿಸತಕ್ಕದ್ದು. ಇಷ್ಟೇ. ಬಹುಮಂದಿ ಇದನ್ನು ಓದುವುದಿಲ್ಲ. ಓದಿದವರೂ ಪುಟ ಮಗುಚುವರು. ಆದರೆ ಆ ಮನುಷ್ಯನು ಅರಣ್ಯದಲ್ಲಿ ಬಾಳಿದವನಲ್ಲ. ದಿನಕ್ಕೆ ಸಾವಿರಾರು ಜನರು ಓಡಾಡುವ ಸ್ಥಳದಲ್ಲಿ, ಪ್ರಾಯಶಃ ವರ್ಷಗಟ್ಟಲೆ, ಎಲ್ಲರ ಕಣ್ಣಿಗೂ ಬೀಳುತ್ತ ಇದ್ದವನು. ಅವನಿಗೆ ಕಾಫಿ ಕೊಡಿಸಿದವರಿದ್ದರು, ಕಾಸು ಎಸೆದವರಿದ್ದರು, ಗದರಿಸಿ ಎಬ್ಬಿಸಿದವರಿದ್ದರು. ಅವನ ಹೆಸರು, ಊರು ಬಲ್ಲವರು ಮಾತ್ರ ಒಬ್ಬರೂ ಇರಲಿಲ್ಲ.

ಇಂಥವರು ಎಷ್ಟು ಮಂದಿ? 2011ನೆಯ ಇಸವಿಯ ಜನಗಣತಿಯಲ್ಲಿ, ಫೆಬ್ರವರಿ 28ರ ರಾತ್ರಿ, ಗಣತಿದಾರರು ರಸ್ತೆಯ ಬದಿ, ಮೇಲ್ಸೇತುವೆಗಳ ಅಡಿ, ದೇವಸ್ಥಾನಗಳ ಮಂಟಪ, ರೈಲ್ವೆ ಪ್ಲಾಟ್‌ಫಾರಂ ಮೊದಲಾದೆಡೆಗಳಲ್ಲಿ ಮಲಗಿದ್ದವರನ್ನು ಎಣಿಸಿದರು. ಇಡೀ ದೇಶದಲ್ಲಿ ಸುಮಾರು 17.7 ಲಕ್ಷ ಜನರೆಂದೂ, ನಮ್ಮ ಕರ್ನಾಟಕದಲ್ಲಿ 76 ಸಾವಿರಕ್ಕೂ ಮೇಲೆಂದೂ ಲೆಕ್ಕ ಬಂದಿತು. 2001ರ ಲೆಕ್ಕ 19.4 ಲಕ್ಷವಾಗಿದ್ದುದರಿಂದ ಪರಿಸ್ಥಿತಿ ಸುಧಾರಿಸಿತೆಂದು ಸಂತೋಷಪಟ್ಟವರುಂಟು. ಆದರೆ ಅದೇ ಹತ್ತು ವರ್ಷಗಳಲ್ಲಿ ಪಟ್ಟಣಗಳ ವಸತಿಹೀನರು 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿದರು. ಹಳ್ಳಿಗಳಲ್ಲಿ ಇಳಿದ ಸಂಖ್ಯೆ ಪಟ್ಟಣಗಳಲ್ಲಿ ಏರಿತೆಂಬುದೇ ಇದರ ತಾತ್ಪರ್ಯ. 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಆ ವರ್ಷ ನಡೆಯಲಿಲ್ಲ. ಒಂದೇ ರಾತ್ರಿಯ ಎಣಿಕೆಯಲ್ಲಿ ಪೊಲೀಸರಿಗೆ ಹೆದರಿ ಮರೆಯಾಗುವವರೂ, ಆಸ್ಪತ್ರೆಯ ವರಾಂಡದಲ್ಲಿ ರೋಗಿಯ ಬಂಧುವಿನಂತೆ ಮಲಗುವವರೂ, ಮುಸುಕೆಳೆದುಕೊಂಡು ಎಲ್ಲೋ ಮೂಲೆಯಲ್ಲಿ ಕುಳಿತೇ ಇರುಳು ಕಳೆಯುವ ಹೆಂಗಸರೂ ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಸಿಕ್ಕಾರೆಂಬುದನ್ನು ವಾಚಕರೇ ಊಹಿಸಬಹುದು.

ನಮ್ಮ ಪಟ್ಟಣಿಗರಲ್ಲಿ ದಯೆ ಇಲ್ಲವೆಂದು ನಾವು ಹೇಳುವುದಿಲ್ಲ. ಪುಷ್ಯಮಾಸದ ಚಳಿಯಲ್ಲಿ ಕಂಬಳಿ ಹಂಚುವ ಸಂಘಗಳಿವೆ. ಮಗುವಿನ ಹುಟ್ಟುಹಬ್ಬಕ್ಕೆ, ಹಿರಿಯರ ತಿಥಿಗೆ ಅನ್ನ ಸಾಂಬಾರಿನ ಪೊಟ್ಟಣಗಳನ್ನು ಕಾರಿನಲ್ಲಿ ತುಂಬಿಕೊಂಡು ಹೊರಡುವವರಿದ್ದಾರೆ. ಇವು ಒಳ್ಳೆಯವೇ, ಹಸಿದವನಿಗೆ ಅನ್ನ ಅನ್ನವೇ. ಆದರೆ ಒಂದೇ ವಾರದಲ್ಲಿ ಮೂರು ಕಂಬಳಿ ಪಡೆದವನು ಎರಡನ್ನು ಮಾರಿಕೊಂಡನೆಂದು ನಮ್ಮ ಧರ್ಮಿಷ್ಠರು ಆಗ್ರಹಗೊಳ್ಳುವುದನ್ನೂ ನಾವು ಕೇಳಿದ್ದೇವೆ. ಮೂರು ಕಂಬಳಿಗಳನ್ನು ಅವನು ಎಲ್ಲಿ ಇಟ್ಟುಕೊಳ್ಳಬೇಕು? ಪೆಟ್ಟಿಗೆಯಿಲ್ಲ, ಗೂಟವಿಲ್ಲ, ಬೀಗವಿಲ್ಲ. ಕೊಡುವವರು ತಮ್ಮ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಡುತ್ತಾರೆ. ತೆಗೆದುಕೊಳ್ಳುವವನಿಗೆ ಮನೆಯೇ ಇಲ್ಲ.

ನಮ್ಮ ಪೂರ್ವಿಕರು ಕಟ್ಟಿಸಿದ ಛತ್ರಗಳನ್ನೂ ಅರವಟ್ಟಿಗೆಗಳನ್ನೂ ಹೊಗಳುತ್ತ ಕೂರುವುದು ಸುಲಭ. ಛತ್ರವು ಪಥಿಕನಿಗಾಗಿ ಹುಟ್ಟಿದ್ದು. ಅವನ ಬೆನ್ನ ಹಿಂದೆ ಒಂದು ಮನೆ ಇರುತ್ತಿತ್ತು, ದಾರಿಯ ಕೊನೆಯಲ್ಲಿ ಒಬ್ಬ ಬಂಧುವೋ ಒಂದು ದೇವಸ್ಥಾನವೋ ಇರುತ್ತಿತ್ತು. ಮೂರು ದಿನ ತಂಗಿ ಹೊರಡುವವನಿಗೆ ಅದು ಸಾಕು. ಹಿಂದೆಯೂ ಮುಂದೆಯೂ ಮನೆಯಿಲ್ಲದವನಿಗೆ ಮೂರು ದಿನದ ತಂಗುವಿಕೆ ಯಾವ ಗತಿಯನ್ನು ತೋರಿಸೀತು? ಅವನಿಗೆ ಬೇಕಾಗಿರುವುದು ಸೂರು. ಆ ಸೂರಿನವರೆಗೆ ನಡೆದು ಹೋಗಿ, ಅಲ್ಲಿ ನೆಲೆ ನಿಲ್ಲುವವರೆಗೆ ಜೊತೆಗಿರುವ ಒಬ್ಬ ಮನುಷ್ಯ. ಸೂರನ್ನು ಸರ್ಕಾರ ಕೊಡಬೇಕು. ಆ ಮನುಷ್ಯನನ್ನು ಸರ್ಕಾರ ಕೊಡಲಾರದು. ಈ ಎರಡನೆಯ ವಿಚಾರವಾಗಿಯೇ ನಾವು ಇಂದು ಬರೆಯುತ್ತಿರುವುದು.

ಪಾಶ್ಚಾತ್ಯ ದೇಶಗಳಲ್ಲಿ ಇಂಥ ಸ್ವಯಂಸೇವಕನನ್ನು ‘ಮೆಂಟರ್’ ಎಂದು ಕರೆಯುವುದುಂಟು. ಈ ಶಬ್ದದ ಮೂಲವು ಕುತೂಹಲಕರವಾಗಿದೆ. ಗ್ರೀಕರ ಮಹಾಕವಿ ಹೋಮರನ ಒಡಿಸ್ಸಿ ಕಾವ್ಯದಲ್ಲಿ, ಯುದ್ಧಕ್ಕೆ ಹೊರಟ ಒಡಿಸ್ಯೂಸನು ತನ್ನ ಮನೆವಾರ್ತೆಯನ್ನು ಒಪ್ಪಿಸಿ ಹೋದ ಗೆಳೆಯನ ಹೆಸರು ಮೆಂಟರ್. ಇಪ್ಪತ್ತು ವರ್ಷ ಮನೆಗೆ ದೂರನಾಗಿ ಅಲೆದ ಆ ಅರಸನು ಕಟ್ಟಕಡೆಗೆ ತನ್ನ ಬಾಗಿಲಿಗೇ ಭಿಕ್ಷುಕನ ವೇಷದಲ್ಲಿ ಬಂದು ನಿಲ್ಲುತ್ತಾನೆ. ಕನ್ನಡದಲ್ಲಿ ಇದನ್ನು ‘ಮಾರ್ಗದರ್ಶಿ’ ಎಂದು ಭಾಷಾಂತರಿಸುತ್ತಾರೆ. ನಮಗೆ ಈ ಮಾತು ರುಚಿಸದು. ಹತ್ತು ವರ್ಷ ಬೀದಿಯಲ್ಲಿ ಬದುಕಿದವನಿಗೆ ಮಾರ್ಗ ತೋರಿಸಲು ನಾವು ಯಾರು? ಯಾವ ಬಾವಿಕಟ್ಟೆಯಲ್ಲಿ ಸ್ನಾನಕ್ಕೆ ನೀರು ಸಿಕ್ಕೀತು, ಯಾವ ಅಂಗಡಿಯ ಜಗುಲಿಯಿಂದ ಎಷ್ಟು ಗಂಟೆಗೆ ಎಬ್ಬಿಸುವರು ಎಂಬುದೆಲ್ಲ ಅವನಿಗೆ ಗೊತ್ತು, ನಮಗೆ ಗೊತ್ತಿಲ್ಲ. ‘ಒಡನಾಡಿ’ ಎಂಬ ನಮ್ಮ ಹಳೆಯ ಮಾತೇ ಸಾಕು. ಮುಂದೆ ಅದನ್ನೇ ಬಳಸುವೆವು.

ಆದರೆ ಒಂದು ದಾರಿ ಅವನಿಗೆ ತಿಳಿಯದು, ನಮ್ಮ ವಾಚಕರಿಗೆ ಚೆನ್ನಾಗಿ ತಿಳಿದಿದೆ. ಅದು ಕಛೇರಿಯ ದಾರಿ. ಯಾವ ಅರ್ಜಿಯನ್ನು ಯಾವ ಮೇಜಿನ ಮುಂದಿಡಬೇಕು, ಯಾವ ಗುಮಾಸ್ತರಿಂದ ಸ್ವೀಕೃತಿ ಪಡೆಯಬೇಕು, ‘ನಾಳೆ ಬಾ’ ಎಂದಾಗ ಏನು ಹೇಳಬೇಕು ಎಂಬ ವಿದ್ಯೆಯು ನಮ್ಮ ಪಟ್ಟಣದ ಓದುಬರಹ ಬಲ್ಲವರಿಗೆ ಕರತಲಾಮಲಕ. ವಿಶ್ರಾಂತಿ ವೇತನ ಪಡೆಯುತ್ತಿರುವ ನೂರಾರು ಮಂದಿ ಅಧಿಕಾರಿಗಳೂ ಉಪಾಧ್ಯಾಯರೂ ಈ ವಿದ್ಯೆಯನ್ನು ತಲೆಯಲ್ಲಿ ತುಂಬಿಕೊಂಡು ಸಾಯಂಕಾಲ ಪಾರ್ಕಿನ ಕಲ್ಲುಬೆಂಚಿನ ಮೇಲೆ ರಾಜಕೀಯ ಚರ್ಚಿಸುತ್ತಿದ್ದಾರೆ. (ರಾಜಕೀಯ ಚರ್ಚೆ ಬೇಡವೆನ್ನುವಷ್ಟು ಪತ್ರಿಕೆಯವರಾದ ನಾವು ಮೂರ್ಖರಲ್ಲ.)

ಕಾನೂನುಗಳು ಇಲ್ಲವೆಂದು ಯಾರೂ ಭಾವಿಸಬಾರದು. 2016ರ ಆಧಾರ್ ಅಧಿನಿಯಮದ 5ನೆಯ ಪ್ರಕರಣವು, ಸ್ಥಿರವಾದ ವಾಸದ ಮನೆಯಿಲ್ಲದವರಿಗೆ ಆಧಾರ್ ಸಂಖ್ಯೆ ಕೊಡಲು ವಿಶೇಷ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. ಚುನಾವಣಾ ಆಯೋಗದ ನಿಯಮದಂತೆ ವಸತಿಹೀನನೂ 6ನೆಯ ನಮೂನೆಯಲ್ಲಿ ಮತದಾರನಾಗಲು ಅರ್ಜಿ ಹಾಕಬಹುದು. ವಿಳಾಸದ ದಾಖಲೆ ಬೇಕಿಲ್ಲ. ಅವನು ಹೇಳಿದ ಸ್ಥಳದಲ್ಲಿ ಅವನು ನಿಜವಾಗಿ ಮಲಗುವನೇ ಎಂಬುದನ್ನು ಮತಗಟ್ಟೆ ಮಟ್ಟದ ಅಧಿಕಾರಿಯು ರಾತ್ರಿಯ ವೇಳೆ, ಒಂದಕ್ಕಿಂತ ಹೆಚ್ಚು ಸಲ ಹೋಗಿ ನೋಡತಕ್ಕದ್ದು. ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ‘ಸಣ್ಣ ಖಾತೆ’ ಎಂಬುದೊಂದಿದೆ. ಯಾವ ದಾಖಲೆಯೂ ಇಲ್ಲದವನು ಒಂದು ಭಾವಚಿತ್ರ ಕೊಟ್ಟು, ಬ್ಯಾಂಕಿನ ಅಧಿಕಾರಿಯ ಎದುರಿಗೆ ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಿ ಅದನ್ನು ತೆರೆಯಬಹುದು. ಅದರಲ್ಲಿ ಯಾವಾಗಲೂ 50,000 ರೂಪಾಯಿ ಮೀರಬಾರದು, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗಬಾರದು, ತಿಂಗಳಿಗೆ 10,000 ಮೀರಿ ತೆಗೆಯಬಾರದು. ಹನ್ನೆರಡು ತಿಂಗಳೊಳಗೆ ಗುರುತಿನ ದಾಖಲೆಗೆ ಅರ್ಜಿ ಹಾಕಿರುವುದನ್ನು ತೋರಿಸಿದರೆ ಇನ್ನೊಂದು ವರ್ಷ ಮುಂದುವರಿಯುವುದು. ಮೂಟೆ ಹೊರುವವನಿಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಈ ನಿಯಮವನ್ನು ಅವನು ಓದಿಲ್ಲ. ಕೌಂಟರಿನಲ್ಲಿ ಕುಳಿತವರೂ ಎಷ್ಟೋ ವೇಳೆ ಓದಿರುವುದಿಲ್ಲ.

ನಮಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರ ಅನುಭವವನ್ನು ಇಲ್ಲಿ ಹೇಳುವುದು ಉಚಿತ. ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು, ಮುಚ್ಚಿದ ಅಂಗಡಿಯ ಜಗುಲಿಯಲ್ಲಿ ಮಲಗುತ್ತಿದ್ದ ಒಬ್ಬನ ಪರಿಚಯ ಅವರಿಗಾಯಿತು. ದುಡಿದ ಹಣವನ್ನು ಸೊಂಟದಲ್ಲಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಇರುತ್ತಿರಲಿಲ್ಲ. ಆದುದರಿಂದ ಅವನು ಅದನ್ನು ಚಹದ ಅಂಗಡಿಯವನಲ್ಲಿ ಇಡುತ್ತಿದ್ದನು. ಅಂಗಡಿಯವನು ಲೆಕ್ಕವನ್ನು ತನಗೆ ಬೇಕಾದಂತೆ ಹೇಳುತ್ತಿದ್ದನು. ಉಳಿದ ಹಣ ಕುಡಿತಕ್ಕೆ ಹೋಗುತ್ತಿತ್ತು. ಉಳಿಸಲು ಸ್ಥಳವಿಲ್ಲದವನು ಉಳಿಸುವುದಿಲ್ಲವೆಂಬುದರಲ್ಲಿ ಆಶ್ಚರ್ಯವೇನು? ಉಪಾಧ್ಯಾಯರು ಅವನನ್ನು ಒಂದು ಬ್ಯಾಂಕಿಗೆ ಕರೆದುಕೊಂಡು ಹೋದರು. ಮೊದಲ ಸಲ ವಿಳಾಸ ಕೇಳಿದರು. ಎರಡನೆಯ ಸಲ ಮ್ಯಾನೇಜರು ಇಲ್ಲವೆಂದರು. ಮೂರನೆಯ ಸಲ ಉಪಾಧ್ಯಾಯರು ನಿಯಮದ ಪ್ರತಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಕುರ್ಚಿಯಲ್ಲಿ ಕುಳಿತು, ಓದಿ ತೋರಿಸಿದರು. ಖಾತೆ ತೆರೆಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದನ್ನು ಬರೆಯುವ ಆವಶ್ಯಕತೆ ಇರುತ್ತಿರಲಿಲ್ಲ. ಖಾತೆ ತೆರೆದ ಮೇಲೆ ಒಂದು ತಿಂಗಳು ಆ ಮನುಷ್ಯನು ಕಾಣಿಸಲೇ ಇಲ್ಲ. ಉಪಾಧ್ಯಾಯರು ಹುಡುಕಿಕೊಂಡು ಹೋದಾಗ ತಿಳಿದು ಬಂದದ್ದೇನೆಂದರೆ, ಹಣ ತೆಗೆಯುವ ಚೀಟಿ ಬರೆಯಲು ಬಾರದೆ, ಯಾರನ್ನಾದರೂ ಕೇಳಲು ನಾಚಿ, ಅವನು ಬ್ಯಾಂಕಿನ ಕಡೆಗೆ ಹೋಗುವುದನ್ನೇ ಬಿಟ್ಟಿದ್ದನು. ಚಹದ ಅಂಗಡಿಯವನೇ ಮತ್ತೆ ಅವನ ಖಜಾಂಚಿ. ಪುನಃ ಮೊದಲಿಂದ ಆಯಿತು. ವರ್ಷದ ಕೊನೆಗೆ ಅವನು ಇನ್ನಿಬ್ಬರೊಡನೆ ಸೇರಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದನು. ಮೂರನೆಯ ತಿಂಗಳು ಜೊತೆಯವನೊಬ್ಬನು ಬಾಡಿಗೆಯ ಪಾಲು ಕೊಡದೆ ಓಡಿಹೋದನು. ಆಗ ಇವನೂ ಕೋಣೆಯನ್ನು ಬಿಟ್ಟು ಜಗುಲಿಗೆ ಹಿಂತಿರುಗಲು ಸಿದ್ಧನಾಗಿ, ‘ಅಲ್ಲಾದರೆ ಯಾರಿಗೂ ಏನೂ ಕೊಡಬೇಕಾಗಿಲ್ಲ, ಮೇಷ್ಟ್ರೇ’ ಎಂದನಂತೆ. ಮೇಷ್ಟರು ಮನೆಯ ಯಜಮಾನರೊಂದಿಗೆ ಮಾತನಾಡಿ ಹದಿನೈದು ದಿನಗಳ ವಾಯಿದೆ ಪಡೆದರು. ಕೈಯಿಂದ ಹಣ ಕೊಡಲಿಲ್ಲ. ಇದನ್ನು ನಾವು ಒತ್ತಿ ಹೇಳುತ್ತೇವೆ.

ಜನರು ಮತ್ತೆ ಬೀದಿಗೆ ಬೀಳುವುದು ಇಂಥ ಹೊತ್ತಿನಲ್ಲಿ. ಸೂರು ಸಿಗುವ ಮುಂಚೆ ಎಲ್ಲರೂ ಕನಿಕರಪಡುವರು. ಸೂರು ಸಿಕ್ಕಿದ ದಿನ ಫೋಟೋ ತೆಗೆಸಿಕೊಳ್ಳುವರು. ಮರುದಿನದಿಂದ ಅವನ ಪಾಡು ಅವನದು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಈ ವಿಷಯವಾಗಿ ನಡೆದ ಒಂದು ಪರೀಕ್ಷೆಯು ಗಮನಾರ್ಹವಾದುದು. ತೀವ್ರ ಮನೋರೋಗವಿದ್ದು ಆಶ್ರಯ ಕೇಂದ್ರದಿಂದ ಮನೆಗಳಿಗೆ ಹೊರಟ 96 ಮಂದಿ ಗಂಡಸರನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರ ಜೊತೆಗೆ ಒಂಬತ್ತು ತಿಂಗಳ ಕಾಲ ಒಬ್ಬೊಬ್ಬ ಕಾರ್ಯಕರ್ತನು ಇರುವಂತೆ ಏರ್ಪಡಿಸಿದರು. ಇನ್ನೊಂದು ಪಂಗಡಕ್ಕೆ ವಾಡಿಕೆಯ ಸಹಾಯ ಮಾತ್ರ. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹದಿನೆಂಟು ತಿಂಗಳುಗಳಲ್ಲಿ ಒಡನಾಡಿಯಿದ್ದವರು ಸರಾಸರಿ 30 ರಾತ್ರಿಗಳನ್ನು ಸೂರಿಲ್ಲದೆ ಕಳೆದರು. ಇಲ್ಲದವರು 91 ರಾತ್ರಿಗಳನ್ನು. ಆ ಕಾರ್ಯಕರ್ತರು ಸಂಬಳ ಪಡೆದು, ತಜ್ಞರ ಮೇಲ್ವಿಚಾರಣೆಯಲ್ಲಿ ದುಡಿದವರು. ನಮ್ಮ ಸ್ವಯಂಸೇವಕರು ಅವರಿಗೆ ಸಮಾನರೆಂದು ನಾವು ಸಾಧಿಸುವುದಿಲ್ಲ. ಆದರೆ ಅವರು ಮಾಡಿದ ಕೆಲಸ ಯಾವುದು? ಅವನನ್ನು ಅವನ ಬಂಧುಗಳಿಗೆ, ವೈದ್ಯರಿಗೆ, ಮನೆಯ ಯಜಮಾನನಿಗೆ ಗಂಟು ಹಾಕಿ, ಆ ಗಂಟು ಗಟ್ಟಿಯಾದ ಮೇಲೆ ತಾವು ಹಿಂದೆ ಸರಿಯುವುದು. ನಮ್ಮ ಮೇಷ್ಟರು ಆ ಪುಸ್ತಕಗಳನ್ನು ಓದದೆಯೇ ಇದನ್ನೇ ಮಾಡಿದರು.

ಆದುದರಿಂದ ಒಡನಾಡಿಯಾಗಲು ಬಯಸುವವರು ಮೊದಲು ತಮ್ಮ ಪಂಚಾಂಗವನ್ನು ನೋಡಿಕೊಳ್ಳಲಿ. ವಾರಕ್ಕೆ ಒಂದು ಸಲ, ಅದೇ ದಿನ, ಅದೇ ಹೊತ್ತಿಗೆ, ಒಂಬತ್ತು ತಿಂಗಳಿಗೆ ಕಡಿಮೆಯಿಲ್ಲದೆ ಹೋಗಲು ಸಾಧ್ಯವಿದ್ದರೆ ಕೈಹಾಕಬೇಕು. ಎರಡು ತಿಂಗಳು ಉತ್ಸಾಹದಿಂದ ಹೋಗಿ ಮೂರನೆಯ ತಿಂಗಳು ಮಗಳ ಮದುವೆಯ ನೆಪದಲ್ಲಿ ನಿಲ್ಲಿಸುವವನು ಹೋಗದೆ ಇದ್ದವನಿಗಿಂತ ಹೆಚ್ಚು ಕೇಡು ಮಾಡುತ್ತಾನೆ. ತಂದೆಯೋ ಗಂಡನೋ ಅಣ್ಣತಮ್ಮಂದಿರೋ ಯಜಮಾನನೋ ಕೈಬಿಟ್ಟಿದ್ದರಿಂದಲೇ ಎಷ್ಟೋ ಮಂದಿ ಬೀದಿಗೆ ಬಂದಿರುವುದು. ಆ ಪಟ್ಟಿಗೆ ಇನ್ನೊಂದು ಹೆಸರು ಸೇರಬಾರದು. ಸಾಲ ಕೊಡಬಾರದು, ಸಾಲ ಬಂದ ಕಡೆ ಮುಖ ತಪ್ಪಿಸುವುದು ಶುರುವಾಗುವುದು. ಭಾವಚಿತ್ರ ತೆಗೆದು ನಾಲ್ಕು ಜನಕ್ಕೆ ತೋರಿಸಬಾರದು. ಜಾತಿ ಕೇಳಬಾರದು. ಕುಡಿತದ ವಿಷಯದಲ್ಲಿ ಉಪನ್ಯಾಸ ಬೇಡ. ಅವನಾಗಿ ಮಾತೆತ್ತಿದಾಗ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದವರೆಗೆ ಜೊತೆಗೆ ಹೋದರೆ ಅದು ನೂರು ಉಪನ್ಯಾಸಗಳಿಗೆ ಸಮ. ಹೆಂಗಸರಿಗೆ ಹೆಂಗಸರೇ ಒಡನಾಡಿಗಳಾಗುವುದು ಯುಕ್ತ, ಅದೂ ಇಬ್ಬರು ಕೂಡಿ. ನಮ್ಮ ಮಹಿಳಾ ಸಮಾಜಗಳು ಈ ಕೆಲಸವನ್ನು ಎತ್ತಿಕೊಳ್ಳಬೇಕೆಂದು ನಮ್ಮ ವಿಶೇಷ ಮನವಿ. ಬೀದಿಯಲ್ಲಿ ಇರುಳು ಕಳೆಯುವ ಹೆಂಗಸಿನ ಭೀತಿಯು ಗಂಡಸಿನದಕ್ಕಿಂತ ಬೇರೆ ಜಾತಿಯದು.

ಚಿತ್ತಸ್ವಾಸ್ಥ್ಯ ಕೆಟ್ಟು ಅಲೆಯುವವರ ಮಾತು ಬೇರೆಯೇ. ಅಲ್ಲಿ ಸ್ವಯಂಸೇವಕನು ವೈದ್ಯನಾಗಲು ಹೋಗಬಾರದು. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಅಧಿನಿಯಮದ 100ನೆಯ ಪ್ರಕರಣದಂತೆ ಅಂಥವರನ್ನು ರಕ್ಷಿಸಿ, 24 ಗಂಟೆಗಳೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ಸೇರಿಸುವುದೂ, ಮನೆಯವರನ್ನು ಹುಡುಕುವುದೂ ಪೊಲೀಸರ ಕರ್ತವ್ಯ. ವಸತಿಹೀನರಿಗೆ ಚಿಕಿತ್ಸೆಯು ಪುಕ್ಕಟೆಯಾಗಿ ದೊರೆಯಬೇಕೆಂದು ಅದೇ ಕಾನೂನು ವಿಧಿಸುತ್ತದೆ. ಮದರಾಸಿನಲ್ಲಿ 1993ರಲ್ಲಿ ಇಬ್ಬರು ಯುವತಿಯರು, ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್, ಇಂಥ ಸ್ತ್ರೀಯರಿಗಾಗಿ ‘ಬ್ಯಾನಿಯನ್’ ಸಂಸ್ಥೆಯನ್ನು ಸ್ಥಾಪಿಸಿದರು. ಬೊಂಬಾಯಿಯ ಡಾಕ್ಟರ್ ಭರತ್ ವಾಟ್ವಾನಿಯವರು ಬೀದಿಯಿಂದ ಎತ್ತಿಕೊಂಡು ಹೋಗಿ ಗುಣಪಡಿಸಿದವರನ್ನು ದೇಶದ ಮೂಲೆಮೂಲೆಯ ಹಳ್ಳಿಗಳಿಗೆ ತಲುಪಿಸಿದ್ದಕ್ಕಾಗಿ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಮಗನು ಸತ್ತನೆಂದು ತಿಥಿ ಮಾಡುತ್ತಿದ್ದ ಮನೆಗೆ ಮಗನು ನಡೆದು ಬರುವುದೆಂದರೆ ಏನೆಂಬುದನ್ನು ಅವರ ಕಾರ್ಯದಿಂದ ತಿಳಿಯಬಹುದು.

‘ಇದೆಲ್ಲ ಸರ್ಕಾರದ ಕೆಲಸ, ನಮಗೇಕೆ?’ ಎನ್ನುವವರಿದ್ದಾರೆ. ಅರ್ಧ ನಿಜ. ಫಿನ್ಲೆಂಡ್ ದೇಶದಲ್ಲಿ 1987ರಲ್ಲಿ 18 ಸಾವಿರಕ್ಕೂ ಹೆಚ್ಚಾಗಿದ್ದ ವಸತಿಹೀನರು 2023ರ ವೇಳೆಗೆ ಮೂರೂವರೆ ಸಾವಿರದ ಸುಮಾರಿಗೆ ಇಳಿದರು. ಅಲ್ಲಿಯ ಸರ್ಕಾರವು 2008ರಿಂದ ಸಾಮೂಹಿಕ ವಸತಿಗೃಹಗಳನ್ನು ಬಾಡಿಗೆ ಮನೆಗಳಾಗಿ ಮಾರ್ಪಡಿಸಿ, ‘ಮೊದಲು ಮನೆ, ಆಮೇಲೆ ಉಳಿದದ್ದು’ ಎಂಬ ಕ್ರಮವನ್ನು ಹಿಡಿಯಿತು. ಮನೆಯ ಜೊತೆಗೆ ಸಹಾಯಕರನ್ನೂ ಇಟ್ಟಿತು. ಮನೆಯೇ ಇಲ್ಲದ ಕಡೆ ಒಡನಾಡಿಗಳನ್ನು ಎಷ್ಟು ಕಳುಹಿಸಿದರೂ ಅವರು ಸಮಾಧಾನ ಹೇಳುವವರಾದಾರು, ಅಷ್ಟೆ. ಸ್ವಯಂಸೇವಕರನ್ನು ತೋರಿಸಿ ಸರ್ಕಾರವು ತನ್ನ ಹೊಣೆಯಿಂದ ಜಾರಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ.

ಅದಂತಿರಲಿ, ಅಧಿಕಾರಿ ಮಹಾಶಯರಿಗೆ ಎರಡು ಮಾತು. ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲೂ ರಾತ್ರಿಯೂ ತೆರೆದಿರುವ ಆಶ್ರಯ ಕೇಂದ್ರಗಳು ಇರಬೇಕೆಂದು ಆಜ್ಞೆ ಮಾಡಿತು. 2013ರಲ್ಲಿ ಕೇಂದ್ರ ಸರ್ಕಾರವು ಅದಕ್ಕೊಂದು ಯೋಜನೆಯನ್ನೂ ರಚಿಸಿತು. ತಲೆಗೆ 50 ಚದರಡಿ ಸ್ಥಳವಿರತಕ್ಕದ್ದೆಂದು ಗೊತ್ತುಮಾಡಿತು. ತಮ್ಮ ಪಟ್ಟಣದಲ್ಲಿ ಇಂಥ ಕೇಂದ್ರಗಳೆಷ್ಟು, ಹಗಲು ಹೊತ್ತು ಅವುಗಳ ಬಾಗಿಲು ತೆರೆದಿರುವುದೇ ಎಂಬುದನ್ನು ನಗರಸಭೆಯ ಪ್ರತಿಯೊಬ್ಬ ಅಧಿಕಾರಿಯೂ ಒಮ್ಮೆ ತಾನೇ ಹೋಗಿ ನೋಡಲಿ. ಇನ್ನೊಂದು. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಅಧಿನಿಯಮವಿದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಉಪಕರವನ್ನೂ ಅದಕ್ಕಾಗಿ ವಸೂಲು ಮಾಡುತ್ತಾರೆ. ಮನೆಯುಳ್ಳ ಪ್ರತಿಯೊಬ್ಬ ವಾಚಕನೂ ಮನೆಯಿಲ್ಲದವನ ಹೆಸರಿನಲ್ಲಿ ತೆರಿಗೆ ಕೊಡುತ್ತಿರುವನು. ಅದು ಯಾರಿಗೆ ಹೇಗೆ ಸಂದಿತೆಂದು ಕೇಳುವ ಹಕ್ಕು ಅವನಿಗಿದೆ. ಗಾಡಿಯಲ್ಲಿ ತುಂಬಿಕೊಂಡು ಹೋಗಿ ಗೋಡೆಯೊಳಗೆ ಕೂಡುವುದೇ ಪರಿಹಾರವೆಂಬ ಕಾಲ ಮುಗಿಯಬೇಕು. ದೆಹಲಿಯ ಉಚ್ಚ ನ್ಯಾಯಾಲಯವು 2018ರಲ್ಲಿ, ಭಿಕ್ಷೆ ಬೇಡುವುದನ್ನು ಅಪರಾಧವೆಂದು ಎಣಿಸುವ ಪ್ರಕರಣಗಳನ್ನು ಆ ಪ್ರಾಂತದ ಮಟ್ಟಿಗೆ ರದ್ದು ಮಾಡಿತು. ಒಡನಾಡಿಯು ಎಂಟು ತಿಂಗಳು ನಡೆದು ಗಳಿಸಿದ ವಿಶ್ವಾಸವನ್ನು ಒಂದು ರಾತ್ರಿಯ ಹಿಡಿದೊಯ್ಯುವಿಕೆ ಮುರಿದುಹಾಕಬಲ್ಲದು.

ಅಧಿಕಾರಿಗಳಿಂದ ನಾವು ಕೇಳುವುದು ಸ್ವಲ್ಪವೇ. ಆಶ್ರಯ ಕೇಂದ್ರದಲ್ಲಿ ಒಡನಾಡಿಗಳ ಹೆಸರಿನ ಒಂದು ದಾಖಲೆ ಪುಸ್ತಕವಿರಲಿ, ಅವರ ನಡತೆಯ ವಿಚಾರಣೆಯಾಗಲಿ. ನಗರಸಭೆಯಿಂದ ಅವರಿಗೊಂದು ಪರಿಚಯ ಪತ್ರ ಸಿಗಲಿ. ಆ ಪತ್ರ ಹಿಡಿದು ಬಂದವರನ್ನು ತಾಲ್ಲೂಕು ಕಛೇರಿಯಲ್ಲೂ ಬ್ಯಾಂಕಿನಲ್ಲೂ ನಿಲ್ಲಿಸದೆ ಕುಳ್ಳಿರಿಸಿ ಮಾತನಾಡಿಸಲಿ. ಜೊತೆಗೆ ಬಂದವನನ್ನೂ ಕುಳ್ಳಿರಿಸಲಿ.

ಈ ಕಾರ್ಯಕ್ಕೆ ಮನಸ್ಸುಳ್ಳ ಪುರಜನರು ತಮ್ಮ ಹೆಸರು, ವಿಳಾಸ, ವಾರದಲ್ಲಿ ಬಿಡುವಾಗಿರುವ ದಿನ ಇವುಗಳನ್ನು ಒಂದು ಕಾರ್ಡಿನಲ್ಲಿ ನಮ್ಮ ಕಾರ್ಯಾಲಯಕ್ಕೆ ಬರೆದು ತಿಳಿಸಿದರೆ, ಆಶ್ರಯ ಕೇಂದ್ರದ ಮೇಲ್ವಿಚಾರಕರಿಗೆ ಅವನ್ನು ತಲುಪಿಸುವ ಏರ್ಪಾಡನ್ನು ಮಾಡುವೆವು. ಮೊದಲ ಸಂಜೆ ಹೋಗುವಾಗ ಕೈಯಲ್ಲಿ ಏನನ್ನೂ ಒಯ್ಯುವುದು ಬೇಡ. ಒಂಬತ್ತು ತಿಂಗಳು ಬರಲಾರದವರು ದಯವಿಟ್ಟು ಬರೆಯುವುದೂ ಬೇಡ.